ಮನೆಯಲ್ಲಿ ನಾಲ್ಕೇ ಜನ ಇದ್ದರು, ಇಬ್ಬರು ಸತ್ತರು. ಹಾಗಾದರೆ ಉಳಿದಿಬ್ಬರೇ ಕೊಂದರಾ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಮಗಳು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಕಾಲೇಜಿನ ಪ್ರಾಜೆಕ್ಟಿಗೆ ನೋಯ್ಡಾದ ಆರುಷಿ ಕೊಲೆ ಪ್ರಕರಣ ತೆಗೆದುಕೊಂಡಿದ್ದಾಳೆ, ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬೇಕಂತೆ. ರಜೆಗೆ ಬಂದಾಗಿನಿಂದ ಮನೆಯಲ್ಲಿ ಇದೇ ಜಗಳ. ಅಪ್ಪ ಅಮ್ಮ ನಿರಪರಾಧಿಗಳು, ಹೈಕೋರ್ಟೇ ಹೇಳಿದೆ, ಕೊಂದದ್ದು ಆ ಕೆಲಸದ ಹುಡುಗರು ಅನ್ನುತ್ತಾಳೆ ಅವಳು. ನನ್ನ ಮನಸ್ಸು ಒಪ್ಪುತ್ತಿಲ್ಲ. ಬಾಗಿಲು ಹಾಕಿದ ಮನೆ, ಒಳಗೆ ನಾಲ್ಕೇ ಜನ, ಇಬ್ಬರು ಸತ್ತರು, ಉಳಿದವರನ್ನು ಬಿಟ್ಟರೆ ಇನ್ಯಾರು? ಪಕ್ಕದ ಕೋಣೆಯಲ್ಲಿ ಮಗಳ ಕೊಲೆಯಾದರೂ ಎಚ್ಚರ ಆಗಲಿಲ್ಲ ಅಂದರೆ ನಂಬೋದು ಹೇಗೆ? ಟಿವಿಯಲ್ಲಿ ಆ ತಾಯಿ ಅಳಲೂ ಇಲ್ಲ. ಒಂದು ಕೋರ್ಟು ಜೀವಾವಧಿ ಕೊಟ್ಟಿತು, ಇನ್ನೊಂದು ಬಿಟ್ಟಿತು, ಎರಡಕ್ಕೂ ಸಾಕ್ಷಿ ಅದೇ ತಾನೇ? ಮಂಪರು ಪರೀಕ್ಷೆಯಲ್ಲಿ ಕೆಲಸದ ಹುಡುಗ ಬಾಯಿಬಿಟ್ಟಿದ್ದ ಅಂತ ಮಗಳು ಏನೋ ತೋರಿಸುತ್ತಾಳೆ, ಅದು ಲೆಕ್ಕಕ್ಕೆ ಬರುತ್ತಾ? ಅವಳು ಈ ವಿಡಿಯೋ ಮಾಡಬಹುದಾ, ಏನಾದರೂ ತೊಂದರೆ ಆಗುತ್ತಾ?

ಉತ್ತರ: ನಮಸ್ಕಾರ ಮೇಡಂ. ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಕೇಸುಗಳನ್ನು ನಡೆಸುವ ವಕೀಲ ನಾನು. ನೀವು ಕೇಳಿದ ಪ್ರಶ್ನೆಯನ್ನು ಕಕ್ಷಿದಾರರ ಮನೆಯವರೂ ಕೇಳುತ್ತಾರೆ, ಸತ್ತವರ ಮನೆಯವರೂ ಕೇಳುತ್ತಾರೆ. "ಇವರಲ್ಲದಿದ್ದರೆ ಇನ್ಯಾರು?" ಕೇಳಿದವರಲ್ಲಿ ತಪ್ಪಿಲ್ಲ. ಒಂದು ಮಗು ಸತ್ತಿದೆ, ಯಾರೋ ಕೊಂದಿದ್ದಾರೆ, ಉತ್ತರ ಬೇಕು ಅಂತ ಮನಸ್ಸು ಹಟ ಹಿಡಿಯುತ್ತದೆ. ಆದರೆ ಕೋರ್ಟು ಉತ್ತರ ಕೊಡುವುದು ಬೇರೆ ಪ್ರಶ್ನೆಗೆ. ಈ ಕಟಕಟೆಯಲ್ಲಿ ನಿಂತ ವ್ಯಕ್ತಿ ಮಾಡಿದ್ದಾನೆ ಎಂದು ಸರ್ಕಾರದ ಕಡೆಯವರು ಸಾಬೀತು ಮಾಡಿದರೋ ಇಲ್ಲವೋ, ಅಷ್ಟೇ. ನಿಮ್ಮ ಮನೆಯ ಜಗಳ ಈ ಎರಡು ಪ್ರಶ್ನೆಗಳು ಕಲಸಿಹೋಗಿದ್ದರಿಂದ ಹುಟ್ಟಿದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಂದೆ ತಾಯಿಗೆ ಶಿಕ್ಷೆ ಕೊಡುವಷ್ಟು ಪುರಾವೆ ಆ ಕೇಸಿನಲ್ಲಿ ಇರಲಿಲ್ಲ, ಹೈಕೋರ್ಟು ಮಾಡಿದ್ದು ಸರಿ. ಅಲ್ಲಿಯವರೆಗೆ ನಿಮ್ಮ ಮಗಳ ಮಾತು ಒಪ್ಪುತ್ತೇನೆ. "ಹಾಗಾದರೆ ಕೆಲಸದ ಹುಡುಗರೇ" ಅನ್ನುತ್ತಾಳಲ್ಲ, ಅಲ್ಲಿ ಅವಳೂ ನಿಮ್ಮ ಹಾಗೇ ಯೋಚಿಸುತ್ತಿದ್ದಾಳೆ. ನೀವು ಬೆರಳು ತೋರಿಸಿದ ಕಡೆಯಿಂದ ತೆಗೆದು ಬೇರೆ ಕಡೆ ತೋರಿಸಿದ್ದಾಳೆ, ಅಷ್ಟೇ ವ್ಯತ್ಯಾಸ.

ಘಟನೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 2008ರ ಮೇ 15ರ ರಾತ್ರಿ ಕಳೆದು 16ರ ಬೆಳಿಗ್ಗೆ ನೋಯ್ಡಾದ ಜಲವಾಯು ವಿಹಾರದ ಫ್ಲ್ಯಾಟ್ ಒಂದರಲ್ಲಿ ಹದಿಮೂರು ವರ್ಷದ ಆರುಷಿ ತನ್ನ ಮಂಚದ ಮೇಲೆ ಸತ್ತು ಬಿದ್ದಿದ್ದಳು. ತಲೆಗೆ ಪೆಟ್ಟು, ಕುತ್ತಿಗೆ ಕೊಯ್ದಿತ್ತು. ತಂದೆ ರಾಜೇಶ್ ತಲ್ವಾರ್, ತಾಯಿ ನೂಪುರ್ ತಲ್ವಾರ್, ಇಬ್ಬರೂ ದಂತವೈದ್ಯರು. ಮನೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದ ನೇಪಾಳದ ಹೇಮರಾಜ್ ಕಾಣಿಸಲಿಲ್ಲ. ಅವನೇ ಕೊಂದು ಓಡಿಹೋದ ಅಂತ ಪೊಲೀಸರು ಹುಡುಕಲು ಹೊರಟರು. ಮಾರನೇ ದಿನ, 17ಕ್ಕೆ, ಅದೇ ಕಟ್ಟಡದ ತಾರಸಿಯಲ್ಲಿ ಅವನ ಹೆಣ ಸಿಕ್ಕಿತು. 23ಕ್ಕೆ ತಂದೆಯ ಬಂಧನ ಆಯಿತು. ಆಮೇಲೆ ಕೇಸು ಸಿಬಿಐಗೆ ಹೋಯಿತು. ಸಿಬಿಐನ ಮೊದಲ ತಂಡ ತಂದೆಯನ್ನು ಬಿಟ್ಟು, ಅವರ ಕ್ಲಿನಿಕ್ಕಿನಲ್ಲೂ ಪರಿಚಯದವರ, ನೆರೆಯವರ ಮನೆಗಳಲ್ಲೂ ಕೆಲಸಕ್ಕಿದ್ದ ಮೂವರು ಹುಡುಗರನ್ನು ಹಿಡಿಯಿತು, ಅವರ ಮೇಲೆ ಚಾರ್ಜ್‌ಶೀಟ್ ಹಾಕಲಾಗದೆ ಅವರೂ ಹೊರಬಂದರು. 2009ರಲ್ಲಿ ಎರಡನೇ ತಂಡ ಬಂದು ಮತ್ತೆ ತಂದೆ ತಾಯಿಯ ಕಡೆ ತಿರುಗಿತು. ಆದರೆ 2010ರ ಡಿಸೆಂಬರಿನಲ್ಲಿ ಸಿಬಿಐ ಕೊಟ್ಟದ್ದು ಮುಕ್ತಾಯ ವರದಿ. ತಂದೆಯ ಮೇಲೆ ಅನುಮಾನ ಇದೆ, ಪುರಾವೆ ಸಾಲದು ಅಂತ. ಗಾಜಿಯಾಬಾದಿನ ಮ್ಯಾಜಿಸ್ಟ್ರೇಟ್ 2011ರ ಫೆಬ್ರವರಿಯಲ್ಲಿ ಅದನ್ನು ಒಪ್ಪದೆ, ಅದೇ ವರದಿಯ ಮೇಲೆ ಇಬ್ಬರಿಗೂ ಸಮನ್ಸ್ ಕೊಟ್ಟರು. ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರ ಇದೆ. 2013ರ ನವೆಂಬರಿನಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರ ಅಕ್ಟೋಬರ್ 12ಕ್ಕೆ ಅಲಹಾಬಾದ್ ಹೈಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು.

ಒಂದು ಮಾತು ಗಮನಿಸಿ. ಪುರಾವೆ ಸಾಲದು ಅಂತ ತಾನೇ ಬರೆದುಕೊಟ್ಟ ಸಂಸ್ಥೆ, ಆಮೇಲೆ ಸಾಲುತ್ತದೆ ಅಂತ ವಾದ ಮಾಡಬೇಕಾಯಿತು.

ಈಗ ನಿಮ್ಮ ನಾಲ್ಕು ಜನರ ಲೆಕ್ಕ. ಇದು ದಡ್ಡ ಲೆಕ್ಕ ಅಲ್ಲ, ಕಾನೂನಿನಲ್ಲೇ ಇದಕ್ಕೆ ಜಾಗ ಇದೆ. ಹಳೆಯ ಸಾಕ್ಷ್ಯ ಅಧಿನಿಯಮದ 106ನೇ ಕಲಂ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 109. ಒಂದು ವಿಷಯ ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವಂಥದ್ದಾದರೆ ಅದನ್ನು ಅವನೇ ವಿವರಿಸಬೇಕು ಅನ್ನುತ್ತದೆ ಅದು. ಮದುವೆಯಾದ ಹೆಣ್ಣುಮಗಳು ರಾತ್ರಿ ಗಂಡನ ಮನೆಯಲ್ಲಿ ಸತ್ತರೆ, ಕೋಣೆಯಲ್ಲಿ ಗಂಡ ಮಾತ್ರ ಇದ್ದ ಅಂತ ಸಾಬೀತಾದರೆ, ಏನಾಯಿತು ಅಂತ ಗಂಡ ಹೇಳಬೇಕು. ಸುಮ್ಮನಿದ್ದರೆ ಅಥವಾ ಸುಳ್ಳು ಹೇಳಿದರೆ ಅದು ಅವನ ವಿರುದ್ಧ ಹೋಗುತ್ತದೆ. 2006ರ ತ್ರಿಮುಖ ಮಾರೋತಿ ಕಿರ್ಕನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿ ಹೇಳಿದೆ. ಈ ಕಲಂ ಇಲ್ಲದಿದ್ದರೆ ನಾಲ್ಕು ಗೋಡೆಯ ಮಧ್ಯೆ ಹೆಂಡತಿಯನ್ನು ಕೊಂದ ಎಷ್ಟೋ ಗಂಡಂದಿರಿಗೆ ಶಿಕ್ಷೆ ಆಗುತ್ತಲೇ ಇರಲಿಲ್ಲ. ನಾನು ಇದರ ಪರವಾಗಿಯೂ ವಾದ ಮಾಡಿದ್ದೇನೆ, ವಿರುದ್ಧವಾಗಿಯೂ ಮಾಡಿದ್ದೇನೆ.

ಆದರೆ ಅದಕ್ಕೊಂದು ಷರತ್ತಿದೆ, ಜನ ಅದನ್ನೇ ಮರೆಯುತ್ತಾರೆ. ಆ ಮನೆಯೊಳಗೆ ಬೇರೆ ಯಾರೂ ಬರಲು ಸಾಧ್ಯವೇ ಇರಲಿಲ್ಲ ಎಂದು ಮೊದಲು ಪ್ರಾಸಿಕ್ಯೂಷನ್, ಅಂದರೆ ಆರೋಪ ಹೊರಿಸಿದ ಸರ್ಕಾರದ ಕಡೆಯವರು, ತೋರಿಸಬೇಕು. ಆಮೇಲಷ್ಟೇ ಆರೋಪಿಯ ಬಾಯಿಂದ ವಿವರಣೆ ಕೇಳಬಹುದು. 1956ರ ಶಂಭುನಾಥ್ ಮೆಹ್ರಾ ಕೇಸಿನಿಂದಲೂ ಇದೇ ಮಾತು: ಸಾಬೀತು ಮಾಡುವ ಹೊರೆ ಮೊದಲು ಪ್ರಾಸಿಕ್ಯೂಷನ್ನಿನದು, 106 ಅನ್ನು ಹಿಡಿದುಕೊಂಡು ಅದನ್ನು ಆರೋಪಿಯ ಹೆಗಲಿಗೆ ದಾಟಿಸುವಂತಿಲ್ಲ.

ನೋಯ್ಡಾದ ಆ ಮನೆಯಲ್ಲಿ ಈ ಮೊದಲ ಮೆಟ್ಟಿಲೇ ಅಲ್ಲಾಡುತ್ತದೆ. ಮುಂಬಾಗಿಲಿಗೆ ಒಂದರ ಹಿಂದೆ ಒಂದು ಬಾಗಿಲಿದ್ದವು: ಹೊರಗೆ ಗ್ರಿಲ್ಲು, ಆಮೇಲೆ ಜಾಲರಿ ಬಾಗಿಲು, ಒಳಗೆ ಮರದ್ದು. ಹೇಮರಾಜನ ಕೋಣೆಗೆ ಇನ್ನೊಂದು ಬಾಗಿಲಿತ್ತು, ಅದು ಈ ಗ್ರಿಲ್ಲಿಗೂ ಜಾಲರಿಗೂ ನಡುವಿನ ಜಾಗಕ್ಕೆ ತೆರೆದುಕೊಳ್ಳುತ್ತಿತ್ತು. ಅಂದರೆ ಹೇಮರಾಜ ತನ್ನ ಕಡೆಯಿಂದ ಯಾರನ್ನಾದರೂ ಒಳಗೆ ಬಿಟ್ಟುಕೊಂಡರೆ ತಂದೆ ತಾಯಿಗೆ ಗೊತ್ತೇ ಆಗಬೇಕಿಲ್ಲ. ಬಂದವರು ಹೋಗುವಾಗ ಜಾಲರಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೋಗಬಹುದಿತ್ತು. ಹಾಗೆ ಆಯಿತು ಅಂತ ನಾನು ಹೇಳುತ್ತಿಲ್ಲ. ಆಗಲು ಸಾಧ್ಯವೇ ಇರಲಿಲ್ಲ ಅಂತ ಪ್ರಾಸಿಕ್ಯೂಷನ್ ತೋರಿಸಬೇಕಿತ್ತು.

ಅದಕ್ಕೆ ಅವರಿಗಿದ್ದ ದೊಡ್ಡ ಆಧಾರ ಬೆಳಿಗ್ಗೆ ಕೆಲಸಕ್ಕೆ ಬಂದ ಹೆಂಗಸಿನ ಹೇಳಿಕೆ. ಹೊರಗಿನ ಗ್ರಿಲ್ಲಿಗೆ ಕೈ ಹಚ್ಚಿದೆ, ತೆರೆಯಲಿಲ್ಲ ಎಂದು ಆಕೆ ಕೋರ್ಟಿನಲ್ಲಿ ಹೇಳಿದಳು. ಪ್ರಾಸಿಕ್ಯೂಷನ್ ಇದಕ್ಕೆ ಕೊಟ್ಟ ಅರ್ಥ, ಒಳಗಿನಿಂದ ಹಾಕಿತ್ತು, ಒಳಗಿದ್ದವರೇ ಮಾಡಿದ್ದು ಅಂತ. ಆದರೆ ಈ ಮಾತನ್ನು ಆಕೆ ಮೊದಲು ತನಿಖೆಯವರ ಮುಂದೆ ಹೇಳಿರಲಿಲ್ಲ. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಕಡೆಯ ವಕೀಲರು ಪ್ರಶ್ನೆ ಕೇಳುವಾಗ, ತನಗೆ ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದೇನೆ ಅನ್ನುವ ಅರ್ಥದ ಮಾತೂ ಆಕೆಯ ಬಾಯಿಂದ ಬಂತು. ನಮ್ಮಲ್ಲಿ ಇದನ್ನು ಇಂಪ್ರೂವ್‌ಮೆಂಟ್ ಅನ್ನುತ್ತೇವೆ. ಮೊದಲ ಹೇಳಿಕೆಯಲ್ಲಿ ಇಲ್ಲದ್ದು ಸಾಕ್ಷಿ ಕಟ್ಟೆ ಹತ್ತುವ ಹೊತ್ತಿಗೆ ಸೇರಿಕೊಂಡಿರುತ್ತದೆ. ಅದು ಯಾವುದೋ ಸಣ್ಣ ವಿವರವಾದರೆ ಜಡ್ಜು ಬಿಟ್ಟುಬಿಡುತ್ತಾರೆ, ಮನುಷ್ಯರ ನೆನಪು ಹಾಗೇ ಅಲ್ವಾ. ಇಡೀ ಕೇಸು ನಿಂತಿರುವ ವಿವರವೇ ಹಾಗೆ ಸೇರಿಕೊಂಡಿದ್ದರೆ ಬಿಡುವುದು ಹೇಗೆ? ಹೈಕೋರ್ಟು ಬಿಡಲಿಲ್ಲ.

ಎಚ್ಚರ ಆಗಲಿಲ್ಲವಾ ಅಂತ ಕೇಳಿದ್ದೀರಿ. ಎರಡು ಕೋಣೆಯಲ್ಲೂ ಎಸಿ ಓಡುತ್ತಿತ್ತು, ಬಾಗಿಲು ಹಾಕಿತ್ತು, ಸದ್ದು ಕೇಳಿಸಲಿಲ್ಲ ಅನ್ನುವುದು ಅವರ ಪರ ವಾದ. ರಾತ್ರಿಯಿಡೀ ಇಂಟರ್ನೆಟ್ ರೂಟರ್ ಆನ್ ಆಫ್ ಆಗಿದೆ, ಅಂದರೆ ಎದ್ದಿದ್ದರು ಅನ್ನುವುದು ಸಿಬಿಐ ವಾದ. ಆದರೆ ಅದೇ ರೂಟರ್ ಮಾರನೇ ದಿನ, ಮನೆ ತುಂಬಾ ಪೊಲೀಸರಿದ್ದಾಗಲೂ ಹಾಗೇ ಆನ್ ಆಫ್ ಆಗಿದೆ. ಹಾಗಾಗಿ ಆ ಸಾಕ್ಷ್ಯದಿಂದ ಯಾವ ಕಡೆಗೂ ಏನೂ ಹುಟ್ಟುವುದಿಲ್ಲ. ನಿಮಗೆ ಅನುಮಾನ ಉಳಿದರೆ ಉಳಿಯಲಿ. ನನಗೂ ಒಂದಿಷ್ಟು ಉಳಿದಿದೆ. ಅನುಮಾನ ಎಷ್ಟೇ ಗಾಢವಾಗಿದ್ದರೂ ಪುರಾವೆಯ ಜಾಗದಲ್ಲಿ ಕೂರುವಂತಿಲ್ಲ, ಕಾನೂನು ಇಷ್ಟನ್ನೇ ಹೇಳುತ್ತದೆ.

ಅಳಲಿಲ್ಲ ಅನ್ನುವ ಮಾತಿನ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅಳು ಪುರಾವೆ ಅಲ್ಲ. ಮಗನನ್ನು ಕಳೆದುಕೊಂಡ ಅಪ್ಪಂದಿರು ಕೋರ್ಟ್ ಹಾಲಿನಲ್ಲಿ ಕಲ್ಲಿನ ಹಾಗೆ ಕೂತಿರುವುದನ್ನು ನೋಡಿದ್ದೇನೆ. ಆಮೇಲೆ ಶಿಕ್ಷೆಯಾದ ಆರೋಪಿಗಳು ಮೊದಲ ದಿನ ಎದೆ ಬಡಿದುಕೊಂಡು ಅತ್ತಿದ್ದನ್ನೂ ನೋಡಿದ್ದೇನೆ. ಸಾಕ್ಷಿ ಕಟ್ಟೆಯಲ್ಲಿ ಒಬ್ಬರು ಹೇಗೆ ಉತ್ತರ ಕೊಡುತ್ತಾರೆ ಎಂಬುದನ್ನು ಜಡ್ಜು ಗಮನಿಸಬಹುದು. ಟಿವಿ ಕ್ಯಾಮೆರಾ ಮುಂದೆ ಹೇಗಿದ್ದರು ಎನ್ನುವುದಕ್ಕೆ ಏನೂ ಬೆಲೆ ಇಲ್ಲ.

ಈ ಕೇಸಿನಲ್ಲಿ ಕೊಲೆ ಕಣ್ಣಾರೆ ಕಂಡವರು ಯಾರೂ ಇಲ್ಲ. ಎಲ್ಲವೂ ಸಾಂದರ್ಭಿಕ ಸಾಕ್ಷ್ಯ. ಇಂಥ ಕೇಸುಗಳಿಗೆ ನಮ್ಮ ದೇಶದಲ್ಲಿ ಅಳತೆಗೋಲು 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು. ಪುಣೆಯ ಕೇಸು. ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಯುವತಿ ಸೈನೈಡಿನಿಂದ ಸತ್ತಿದ್ದಳು. ಗಂಡನಿಗೆ ಸೆಷನ್ಸ್ ಕೋರ್ಟು ಗಲ್ಲು ಕೊಟ್ಟಿತ್ತು, ಬಾಂಬೆ ಹೈಕೋರ್ಟೂ ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು ಬಿಟ್ಟುಬಿಟ್ಟಿತು. ಬಿಡುವಾಗ ಹೇಳಿದ ಐದು ಸೂತ್ರಗಳನ್ನು ಇವತ್ತಿಗೂ ಪ್ರತಿ ಕೊಲೆ ಕೇಸಿನಲ್ಲಿ ಇಬ್ಬರು ವಕೀಲರೂ ಓದುತ್ತಾರೆ. ಸಾರ ಇಷ್ಟು: ಪ್ರತಿಯೊಂದು ಸಂಗತಿಯೂ ಪೂರ್ತಿ ಸಾಬೀತಾಗಿರಬೇಕು, ಆಗಿದ್ದಿರಬಹುದು ಅಂದರೆ ಸಾಲದು. ಆ ಸಂಗತಿಗಳು ಆರೋಪಿಯ ಕಡೆಗೇ ಕೈ ತೋರಿಸಬೇಕು. ಬೇರೆ ಯಾವ ಸಾಧ್ಯತೆಗೂ ಜಾಗ ಉಳಿಯಬಾರದು. ಸರಪಳಿಯ ಕೊಂಡಿ ಎಲ್ಲೂ ಕಳಚಿರಬಾರದು.

ಆರುಷಿ ಕೇಸಿನ ಕೊಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಮೊದಲು ಕೊಲೆಗೆ ಕಾರಣ. ಪ್ರಾಸಿಕ್ಯೂಷನ್ ಪ್ರಕಾರ ತಂದೆ, ಮಗಳ ಕೋಣೆಯಲ್ಲಿ ಹೇಮರಾಜನನ್ನು ಕಂಡು ಸಿಟ್ಟಿನಲ್ಲಿ ಇಬ್ಬರನ್ನೂ ಹೊಡೆದರು. ಹಾಗಿದ್ದರೆ ಆ ಕೋಣೆಯಲ್ಲಿ ಹೇಮರಾಜನ ರಕ್ತ ಇರಬೇಕು. ಹಾಸಿಗೆ, ದಿಂಬು, ಗೋಡೆ, ಎಲ್ಲಿಯಾದರೂ. ಆರುಷಿಯ ರಕ್ತ ಧಾರಾಳವಾಗಿ ಇತ್ತು, ಹೇಮರಾಜನದ್ದು ಸಿಗಲೇ ಇಲ್ಲ. ಅವನನ್ನು ಆ ಕೋಣೆಯಲ್ಲಿ ಹೊಡೆದರು ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ಹೈಕೋರ್ಟು ಹೇಳಿತು. ಇದೊಂದು ಬಿದ್ದರೆ ಕಾರಣ ಬೀಳುತ್ತದೆ, ಕಾರಣ ಬಿದ್ದರೆ ಇಡೀ ಕಥೆಗೆ ಆಧಾರ ಇಲ್ಲ. ಆ ಮಗುವಿನ ನಡತೆಯ ಬಗ್ಗೆ ಪೊಲೀಸ್ ಅಧಿಕಾರಿಯೊಬ್ಬರು ಪತ್ರಿಕಾಗೋಷ್ಠಿಯಲ್ಲಿ ಆಡಿದ ಮಾತನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹದಿಮೂರು ವರ್ಷದ ಹುಡುಗಿ, ಸತ್ತುಹೋಗಿದ್ದಾಳೆ, ತನ್ನ ಪರವಾಗಿ ಒಂದು ಮಾತು ಆಡುವ ಹಾಗಿಲ್ಲ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಮೊದಲ ವರದಿಯಲ್ಲಿ ಅಂಥದ್ದೇನೂ ಬರೆದಿರಲಿಲ್ಲ, ಮುಂದಿನ ಹೇಳಿಕೆಗಳಲ್ಲಿ ಮಾತು ಬೆಳೆಯುತ್ತಾ ಹೋಯಿತು. ಇಂಥ ಕಡೆ ನನ್ನ ನಿಯಮ ಒಂದೇ, ಹೆಣ ಕಣ್ಣ ಮುಂದೆ ಇದ್ದಾಗ ಬರೆದ ಮೊದಲ ಕಾಗದಕ್ಕೆ ಬೆಲೆ ಜಾಸ್ತಿ.

ಆಯುಧ. ಅದೇ ಗಾಯ, ಒಂದು ತಂಡ ಕುಕ್ರಿ (ನೇಪಾಳಿಗಳ ಬಾಗಿದ ಕತ್ತಿ) ಅಂದಿತು, ಇನ್ನೊಂದು ತಂಡ ಗಾಲ್ಫ್ ಕೋಲು ಅಂದಿತು. ಕುತ್ತಿಗೆ ಕೊಯ್ದದ್ದು ದಂತವೈದ್ಯರ ಶಸ್ತ್ರಚಿಕಿತ್ಸೆಯ ಚಾಕು, ಸ್ಕ್ಯಾಲ್‌ಪೆಲ್ಲಿನಿಂದ ಅಂದರು, ಆ ಸ್ಕ್ಯಾಲ್‌ಪೆಲ್ ಸಿಗಲೇ ಇಲ್ಲ. ಗಾಲ್ಫ್ ಕೋಲಿನ ಮೇಲೆ ರಕ್ತವೂ ಇರಲಿಲ್ಲ, ಡಿಎನ್‌ಎಯೂ ಇರಲಿಲ್ಲ. ಉಳಿದವುಗಳಿಗಿಂತ ಸ್ವಚ್ಛವಾಗಿ ಕಾಣುತ್ತಿತ್ತು ಎನ್ನುವುದೇ ಅನುಮಾನಕ್ಕೆ ಕಾರಣ. ಸ್ವಚ್ಛವಾಗಿದ್ದದ್ದೇ ಅಪರಾಧದ ಗುರುತು ಅಂದರೆ, ಕೊಳೆಯಾಗಿದ್ದರೆ ಏನು ಹೇಳುತ್ತಿದ್ದರು?

ದಿಂಬಿನ ಕವರಿನ ವಿಷಯ ನಿಮ್ಮ ಮಗಳು ಹೇಳಿರಬಹುದು, ಅದು ಈ ಕೇಸಿನಲ್ಲಿ ನನ್ನನ್ನು ಜಾಸ್ತಿ ಕಾಡುವ ಸಂಗತಿ. ಹೈದರಾಬಾದಿನ ಡಿಎನ್‌ಎ ಲ್ಯಾಬಿನ 2008ರ ವರದಿ ಓದಿದರೆ, ಒಬ್ಬ ಕೆಲಸದ ಹುಡುಗನ ಕೋಣೆಯಿಂದ ವಶಪಡಿಸಿಕೊಂಡ ದಿಂಬಿನ ಕವರಿನ ಮೇಲೆ ಹೇಮರಾಜನ ಡಿಎನ್‌ಎ ಇತ್ತು ಎಂದು ಅರ್ಥ ಬರುತ್ತದೆ. ಯಾರೂ ಅದನ್ನು ಮುಂದೆ ತರಲಿಲ್ಲ. 2011ರಲ್ಲಿ ಆರೋಪಿಗಳ ವಕೀಲರು ಅದನ್ನು ಎತ್ತಿದಾಗ ಲ್ಯಾಬಿನಿಂದ ಸ್ಪಷ್ಟನೆ ಬಂತು: ಟೈಪಿಂಗ್ ತಪ್ಪು, ಎರಡು ವಸ್ತುಗಳ ವಿವರ ಅದಲುಬದಲಾಗಿದೆ. ನಿಜವಾಗಿಯೂ ಟೈಪಿಂಗ್ ತಪ್ಪೇ ಆಗಿರಬಹುದು. ಕಚೇರಿಗಳಲ್ಲಿ ಅಂಥ ತಪ್ಪು ಆಗುತ್ತವೆ. ಆದರೆ ಆರೋಪಿಯನ್ನು ಬಿಡಿಸಬಲ್ಲ ವರದಿಯೊಂದು ವರ್ಷಗಟ್ಟಲೆ ಫೈಲಿನಲ್ಲಿ ಕೂತು, ಕೇಳಿದ ಮೇಲೆ ಅದು ತಪ್ಪು ಅಂದರೆ ಆ ಅನುಮಾನದ ಲಾಭ ಯಾರಿಗೆ ಹೋಗಬೇಕು? ಆರೋಪಿಗೆ. ಹೈಕೋರ್ಟು ಇದನ್ನು ಅವರ ಪರವಾಗಿಯೇ ಎಣಿಸಿತು.

ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂತು, ಡಿಎನ್‌ಎ ಹೊಂದಿತು ಅಂದ ಕೂಡಲೇ ಜನ ಕೇಸು ಮುಗಿಯಿತು ಅಂದುಕೊಳ್ಳುತ್ತಾರೆ. ಲ್ಯಾಬು ಹೇಳುವುದು ತನ್ನ ಮೇಜಿಗೆ ಬಂದ ವಸ್ತುವಿನ ಬಗ್ಗೆ ಮಾತ್ರ. ಆ ವಸ್ತು ಎಲ್ಲಿ ಸಿಕ್ಕಿತು, ವಶಪಡಿಸಿಕೊಳ್ಳುವಾಗ ಬರೆದ ಮಹಜರಿಗೆ ಪಂಚರು, ಅಂದರೆ ಸಾಕ್ಷಿಗಳಾಗಿ ಸಹಿ ಹಾಕಿದವರು, ಯಾರು, ಅವರು ನಿಜವಾಗಿ ಅಲ್ಲಿದ್ದರಾ ಅಥವಾ ಆಮೇಲೆ ಠಾಣೆಯಲ್ಲಿ ಸಹಿ ಹಾಕಿದರಾ, ಸೀಲು ಮಾಡಿದ್ದು ಯಾವಾಗ, ಲ್ಯಾಬಿಗೆ ಹೋಗುವ ತನಕ ಯಾರ ಕೈಯಲ್ಲಿತ್ತು, ಇವನ್ನೆಲ್ಲ ಬೇರೆಯೇ ಸಾಬೀತು ಮಾಡಬೇಕು. ಪಾಟಿ ಸವಾಲಿನಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಸಿನಿಮಾದಲ್ಲಿ ಇದನ್ನು ತೋರಿಸುವುದಿಲ್ಲ, ನೋಡುವವರಿಗೆ ಬೇಜಾರು. ಎಷ್ಟೋ ಕೊಲೆ ಕೇಸುಗಳು ನಿಲ್ಲುವುದು ಬೀಳುವುದು ಮಾತ್ರ ಈ ಬೇಜಾರಿನ ಕಾಗದಗಳ ಮೇಲೆ.

ಮಂಪರು ಪರೀಕ್ಷೆಗೆ ಬರುತ್ತೇನೆ, ಇದಕ್ಕೂ ನಮ್ಮ ರಾಜ್ಯಕ್ಕೂ ನೇರ ಸಂಬಂಧ ಇದೆ. ಆ ಕಾಲದಲ್ಲಿ ದೇಶದ ದೊಡ್ಡ ದೊಡ್ಡ ಕೇಸುಗಳ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೆ ಕರೆತರುತ್ತಿದ್ದರು. ಆರುಷಿ ಕೇಸಿನ ಒಬ್ಬ ಕೆಲಸದ ಹುಡುಗನಿಗೂ ಬೆಂಗಳೂರಿನಲ್ಲೇ ಪರೀಕ್ಷೆ ಆಯಿತು. ಸೋಡಿಯಂ ಪೆಂಟಥಾಲ್ ಕೊಟ್ಟು ಅರೆ ಎಚ್ಚರದಲ್ಲಿರಿಸಿ ಪ್ರಶ್ನೆ ಕೇಳುವುದು ಇದರ ವಿಧಾನ. ಸತ್ಯ ಹೊರಗೆ ಬರುತ್ತದೆ ಅನ್ನುವುದು ನಂಬಿಕೆ. ನಿಜ ಏನೆಂದರೆ, ಆ ಸ್ಥಿತಿಯಲ್ಲಿ ಮನುಷ್ಯ ಪ್ರಶ್ನೆ ಹೇಗೆ ಕೇಳಿದರೆ ಹಾಗೆ ತಲೆಯಾಡಿಸಬಹುದು, ಕೇಳಿದ್ದು, ಊಹಿಸಿದ್ದು, ಹೆದರಿದ್ದು ಎಲ್ಲ ಒಟ್ಟಿಗೆ ಹೇಳಬಹುದು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿತು: ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ. ಒಪ್ಪಿಗೆ ಇದ್ದು ಮಾಡಿದರೂ ಅಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯ ಆಗುವುದಿಲ್ಲ. ಒಪ್ಪಿಗೆಯಿಂದ ಮಾಡಿದ ಪರೀಕ್ಷೆಯ ಮಾತು ಹಿಡಿದು ಹೋಗಿ ಯಾವುದಾದರೂ ವಸ್ತು ಸಿಕ್ಕರೆ, ಆ ಪತ್ತೆಗೆ ಬೆಲೆ ಇರಬಹುದು. ಹಾಗಾಗಿ ನಿಮ್ಮ ಮಗಳ ಕೈಯಲ್ಲಿರುವ ತುಣುಕು ಪುರಾವೆ ಅಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯೂ ಹೀಗೇ. "ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಅಂತ ಮಾರನೇ ದಿನ ಪೇಪರಿನಲ್ಲಿ ಬರುತ್ತಲ್ಲ, ಅದು ಕೋರ್ಟಿನ ಒಳಗೆ ಬರುವುದೇ ಇಲ್ಲ.

ಒಂದೇ ಸಾಕ್ಷ್ಯ, ಎರಡು ತೀರ್ಪು ಹೇಗೆ? ಸಾಕ್ಷ್ಯ ಒಂದೇ, ಅದನ್ನು ಓದಿದ ಕ್ರಮ ಬೇರೆ. ವಿಚಾರಣಾ ನ್ಯಾಯಾಲಯ ಮೊದಲು ಒಂದು ಕಥೆಯನ್ನು ಒಪ್ಪಿಕೊಂಡು, ಸಿಕ್ಕ ತುಣುಕುಗಳನ್ನು ಅದರೊಳಗೆ ಕೂರಿಸಿತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪ್ರತಿ ತುಣುಕನ್ನೂ ಹೊರಗೆ ತೆಗೆದು ಇದು ತನ್ನಷ್ಟಕ್ಕೆ ಸಾಬೀತಾಗಿದೆಯಾ ಅಂತ ಕೇಳಿದರು. ಗಣಿತದ ಮೇಷ್ಟ್ರು ಲೆಕ್ಕ ಬಿಡಿಸುವ ಹಾಗೆ, ಸಿನಿಮಾ ನಿರ್ದೇಶಕರ ಹಾಗೆ ಕೇಸನ್ನು ಕಟ್ಟಿದ್ದಾರೆ ಎಂಬ ಅರ್ಥದಲ್ಲಿ ಕೆಳಗಿನ ತೀರ್ಪನ್ನು ಅವರಲ್ಲಿ ಒಬ್ಬರು ಟೀಕಿಸಿದರು. ಒಬ್ಬ ಜಡ್ಜಿನ ಬಗ್ಗೆ ಇಷ್ಟು ಖಾರವಾಗಿ ಬರೆಯುವುದು ಅಪರೂಪ.

ಹಾಗಂತ ಖುಲಾಸೆ ಯಾವಾಗಲೂ ಸರಿ ಇರುತ್ತದೆ ಅಂತ ನಾನು ಹೇಳುವುದಿಲ್ಲ. ದೆಹಲಿಯ ಜೆಸ್ಸಿಕಾ ಲಾಲ್ ಕೇಸು ನೋಡಿ. 1999ರಲ್ಲಿ ಪಾರ್ಟಿಯಲ್ಲಿ ಜನರ ಎದುರೇ ಅವಳಿಗೆ ಗುಂಡು ಹೊಡೆದರು. ಸಾಕ್ಷಿಗಳು ಒಬ್ಬೊಬ್ಬರಾಗಿ ಹಾಸ್ಟೈಲ್ ಆದರು, ಅಂದರೆ ಮೊದಲು ಹೇಳಿದ ಮಾತಿಗೆ ಕೋರ್ಟಿನಲ್ಲಿ ತಿರುಗಿಬಿದ್ದರು. ಎರಡು ಕಾಡತೂಸು ಎರಡು ಬೇರೆ ಪಿಸ್ತೂಲಿನವು ಅನ್ನುವ ವಾದ ಬಂತು. 2006ರ ಫೆಬ್ರವರಿಯಲ್ಲಿ ಎಲ್ಲರೂ ಖುಲಾಸೆ. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅದೇ ಸಾಕ್ಷ್ಯವನ್ನು ಮತ್ತೆ ಓದಿ ಮುಖ್ಯ ಆರೋಪಿ ಮನು ಶರ್ಮಾಗೆ ಜೀವಾವಧಿ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಲ್ಲಿ ಉಳಿದ ಸಾಕ್ಷಿಗಳ ಮಾತು, ಆರೋಪಿ ಅಲ್ಲಿದ್ದ ಎಂಬುದು, ಆಮೇಲಿನ ಓಡಾಟ, ಇವೆಲ್ಲ ಒಂದಕ್ಕೊಂದು ಹೊಂದುತ್ತಿದ್ದವು. ನೋಯ್ಡಾದ ಕೇಸಿನಲ್ಲಿ ಹಾಗೆ ಹೊಂದುವಂಥದ್ದು ಇಲ್ಲ.

ಬೀದಿಯಲ್ಲಿ ಜನ ಕೂಗಿದರೆ ತೀರ್ಪು ಬದಲಾಗುತ್ತದೆ ಅನ್ನುವ ಪಾಠವನ್ನು ಆ ಕೇಸಿನಿಂದ ಕೆಲವರು ಕಲಿತರು. ಅದು ತಪ್ಪು ಪಾಠ. ಖುಲಾಸೆಯ ವಿರುದ್ಧದ ಮೇಲ್ಮನವಿಯಲ್ಲಿ ಆರೋಪಿಗೆ ಎರಡು ಪಟ್ಟು ರಕ್ಷಣೆ ಇರುತ್ತದೆ: ಮೊದಲಿನಿಂದ ಇದ್ದ ನಿರಪರಾಧಿ ಎಂಬ ಭಾವನೆ, ಅದನ್ನು ಗಟ್ಟಿ ಮಾಡಿದ ತೀರ್ಪು. 2007ರಲ್ಲಿ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಬರೆದಿದೆ. ಎರಡು ಅಭಿಪ್ರಾಯಕ್ಕೂ ಜಾಗ ಇದ್ದರೆ ಖುಲಾಸೆಯನ್ನು ಮುಟ್ಟುವಂತಿಲ್ಲ.

ಇಷ್ಟೆಲ್ಲ ಆದದ್ದು ಯಾಕೆ ಅಂದರೆ, ಮೊದಲ ದಿನ. 16ರ ಬೆಳಿಗ್ಗೆ ಆ ಮನೆಯೊಳಗೆ ನೆಂಟರು, ಅಕ್ಕಪಕ್ಕದವರು, ಪತ್ರಕರ್ತರು, ಪೊಲೀಸರು ಎಲ್ಲ ಓಡಾಡಿದರು. ತಾರಸಿಯ ಬಾಗಿಲಿನ ಬಳಿ ರಕ್ತದ ಕಲೆ ಇತ್ತು, ಬಾಗಿಲಿಗೆ ಬೀಗ ಇತ್ತು, ಆ ಬೀಗ ಒಡೆಯಲಿಲ್ಲ. ಅದೊಂದು ಬಾಗಿಲು ಅವತ್ತೇ ತೆರೆದಿದ್ದರೆ ಹೇಮರಾಜ ಕೊಲೆಗಾರ ಅಲ್ಲ, ಅವನೂ ಕೊಲೆಯಾಗಿದ್ದಾನೆ ಅಂತ ಮೊದಲ ಗಂಟೆಯಲ್ಲೇ ಗೊತ್ತಾಗುತ್ತಿತ್ತು. ತಾರಸಿ ಯಾರೂ ತುಳಿಯದೆ ಸಿಗುತ್ತಿತ್ತು, ಮನೆಯನ್ನು ಬೇರೆ ಥರ ಹುಡುಕುತ್ತಿದ್ದರು. ಊಟದ ಮೇಜಿನ ಮೇಲೆ ಇಬ್ಬರ ರಕ್ತವೂ ಹತ್ತಿದ್ದ ವಿಸ್ಕಿ ಬಾಟಲಿ ಇತ್ತು. ಅಂಥ ವಸ್ತು ಕೈಗೆ ಸಿಕ್ಕಿಯೂ ಅದು ಕೊಲೆಗಾರನ ಕಡೆಗೆ ಕರೆದೊಯ್ಯಲಿಲ್ಲ. ಆಮೇಲೆ ಬಂದ ಎಷ್ಟು ಬುದ್ಧಿವಂತ ತಂಡಕ್ಕೂ, ಎಷ್ಟು ದೊಡ್ಡ ಕೋರ್ಟಿಗೂ ಆ ಇಪ್ಪತ್ನಾಲ್ಕು ಗಂಟೆ ವಾಪಸ್ ಸಿಗಲಿಲ್ಲ. ತನಿಖೆ, ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 176ನೇ ಕಲಂ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರೇ ಸ್ಥಳಕ್ಕೆ ಹೋಗಬೇಕು, ವಿಡಿಯೋ ಮಾಡಬೇಕು. ರಾಜ್ಯಗಳಿಗೆ ಇದನ್ನು ಜಾರಿ ಮಾಡಲು ಐದು ವರ್ಷ ಸಮಯ ಕೊಟ್ಟಿದ್ದಾರೆ. ತಾಲ್ಲೂಕು ಮಟ್ಟದಲ್ಲಿ ಅಷ್ಟು ತಜ್ಞರು ಸಿಗಬೇಕು, ನನ್ನ ಚಿಂತೆ ಅದು.

ಈಗ ವಿಡಿಯೋ. ಮಾಡಬಹುದು, ಯಾವ ಥರದ್ದು ಮಾಡುತ್ತಾಳೆ ಅನ್ನುವುದರ ಮೇಲೆ ತೊಂದರೆ ಇದೆ.

"ಕೊಂದವರು ಇವರೇ" ಅನ್ನುವ ವಿಡಿಯೋ ಬೇಡ. ತಂದೆ ತಾಯಿ ಖುಲಾಸೆ ಆದವರು. ಮೂವರು ಕೆಲಸದವರ ಮೇಲೆ ಚಾರ್ಜ್‌ಶೀಟ್ ಕೂಡ ಆಗಿಲ್ಲ. ಯಾರನ್ನು ಕೊಲೆಗಾರ ಅಂದರೂ ಹೊಸ ದಂಡ ಕಾನೂನು ಬಿಎನ್‌ಎಸ್‌ನ 356ನೇ ಕಲಮಿನ ಮಾನನಷ್ಟಕ್ಕೆ ಗುರಿಯಾಗಬಹುದು. ಕಾನೂನು ಬಿಡಿ, ಆ ಹುಡುಗರನ್ನು ಯೋಚಿಸಿ. ತಿಂಗಳುಗಟ್ಟಲೆ ಒಳಗಿದ್ದು ಬಂದವರು, ಕೈಯಲ್ಲಿ ಕಾಸಿಲ್ಲ, ತಮ್ಮ ಪರವಾಗಿ ಟಿವಿಯಲ್ಲಿ ಮಾತಾಡುವವರಿಲ್ಲ. ತಲ್ವಾರ್ ದಂಪತಿಗೆ ಅನ್ಯಾಯ ಆಯಿತು ಎಂದು ತೋರಿಸುವ ಭರದಲ್ಲಿ ಅದೇ ಅನ್ಯಾಯವನ್ನು ಇವರಿಗೆ ಮಾಡಿದ ವಿಡಿಯೋಗಳು ಈಗಾಗಲೇ ಸಾಕಷ್ಟಿವೆ. ಹೇಮರಾಜನಂತೂ ಎಲ್ಲರ ಕಥೆಯಲ್ಲೂ ಬರೀ ಒಂದು ಹೆಸರು. ಅವನ ಹೆಂಡತಿ ಕೂಡ ಖುಲಾಸೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಮೊದಲ ದಿನದ ತನಿಖೆಯ ಬಗ್ಗೆ ಮಾಡಬಹುದು. ಅದರಲ್ಲಿ ಅಪಾಯ ಕಡಿಮೆ, ಆದರೆ ಎಲ್ಲ ಮುಗಿದ ಮೇಲೆ ಕೂತು ಆ ದಿನದ ಒಬ್ಬ ಪೇದೆಯ ಮೇಲೆ ಎಲ್ಲ ಹಾಕಿಬಿಡುವುದು ಸುಲಭ, ಅದನ್ನು ತಪ್ಪಿಸಬೇಕು.

ನನ್ನನ್ನು ಕೇಳಿದರೆ, ಒಂದೇ ಒಂದು ಸಾಕ್ಷ್ಯ ತೆಗೆದುಕೊಳ್ಳಲಿ. ಆ ಬಾಗಿಲು, ಅಥವಾ ದಿಂಬಿನ ಕವರು. ಅದರ ಬಗ್ಗೆ ವಿಚಾರಣಾ ನ್ಯಾಯಾಲಯ ಏನು ಬರೆದಿದೆ, ಹೈಕೋರ್ಟು ಏನು ಬರೆದಿದೆ, ಎರಡನ್ನೂ ಅಕ್ಕಪಕ್ಕ ಇಡಲಿ. ತೀರ್ಪುಗಳು ನೂರಾರು ಪುಟ ಇವೆ, ಸುದ್ದಿಯಲ್ಲಿ ಬಂದ ಸಾರಾಂಶ ಓದಿ ಮಾಡಿದರೆ ಖಂಡಿತ ಎಡವುತ್ತಾಳೆ, ಮೂಲವನ್ನೇ ಓದಬೇಕು. ಸಿಬಿಐ 2018ರಲ್ಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದೆ, ಅದರ ಸ್ಥಿತಿ ಏನು ಎಂದು ಕೋರ್ಟಿನ ವೆಬ್‌ಸೈಟಿನಲ್ಲಿ ನೋಡಿಕೊಂಡೇ ವಿಡಿಯೋ ಹಾಕಲಿ. ಆರುಷಿಯ ಖಾಸಗಿ ವಿಷಯ, ಹೆಣದ ಫೋಟೋ ಯಾವುದೂ ಬೇಡ.

ಇನ್ನೊಂದು, ಇದನ್ನು ನೀವಿಬ್ಬರೂ ಒಟ್ಟಿಗೆ ಮಾಡಿ. ದಾವಣಗೆರೆಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಸೆಷನ್ಸ್ ಕೇಸಿನ ಸಾಕ್ಷಿ ವಿಚಾರಣೆ ನೋಡಿ. ಕೆಲವು ಬಗೆಯ ಕೇಸುಗಳನ್ನು ಬಿಟ್ಟರೆ ಕೋರ್ಟು ಎಲ್ಲರಿಗೂ ತೆರೆದಿರುತ್ತದೆ, ಹಿಂದಿನ ಬೆಂಚಿನಲ್ಲಿ ಕೂರಬಹುದು. ತನಿಖಾಧಿಕಾರಿಯ ಪಾಟಿ ಸವಾಲು ಇರುವ ದಿನ ಯಾವುದು ಅಂತ ಬೆಂಚ್ ಕ್ಲರ್ಕ್ ಹತ್ತಿರ ಕೇಳಿಕೊಂಡು ಹೋಗಿ, ಹತ್ತೂವರೆಯೊಳಗೆ ಅಲ್ಲಿರಿ, ಮೊಬೈಲ್ ಆಫ್ ಮಾಡಿ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಯಾಕೆಂದರೆ ಕೇಸು ಕೂಗುವುದು ಎಷ್ಟು ಹೊತ್ತಿಗೆ ಅಂತ ಯಾರೂ ಹೇಳಲಾಗದು.